ಅಕ್ಕನ ಆಕ್ಸಿಲರೇಟರ್, ಭಾವನ ಬ್ರೇಕು

ಇಸಿಜಿಯನ್ನು ಹೃದಯಕ್ಕೆ ಮಾತ್ರ ತೆಗೆಯುತ್ತಾರೆ ಅಂದುಕೊಂಡಿದ್ದೆ. ಹೋದ ತಿಂಗಳು ಶೀಳ್‌ಫಾಟಾದ ಟ್ರಾಫಿಕ್ಕಿನಲ್ಲಿ, ಒಂದು ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ನನ್ನ ಅಕ್ಕ-ಭಾವನ ಸಂಸಾರದ ಇಸಿಜಿ ನೋಡಿ ಬಂದೆ. ಲ್ಯಾಪ್‌ಟಾಪಿನಲ್ಲಿ. ಹಸಿರು ಗೆರೆ, ಕೆಂಪು ಗೆರೆ ಸಮೇತ.

ನಗಬೇಡಿ. ಮೊದಲಿನಿಂದ ಹೇಳುತ್ತೇನೆ.

ನನ್ನ ಅಕ್ಕ ಸುಮತಿ ಇರುವುದು ಡೊಂಬಿವಲಿಯಲ್ಲಿ. ಭಾವನಿಗೆ ನವಿ ಮುಂಬೈಯ ಕೋಪರ್‌ಖೈರಣೆಯಲ್ಲಿ ಪಾಲುದಾರಿಕೆಯ ಒಂದು ಸಣ್ಣ ವೆಜ್ ಹೋಟೆಲ್. (ಉಡುಪಿ ಕಡೆಯವರು ಅಂದ ಮೇಲೆ ಹೋಟೆಲ್ ಅಂತ ಬಿಡಿಸಿ ಹೇಳಬೇಕೇ ಅಂತ ಕೇಳಬೇಡಿ. ನನ್ನ ಗಂಡನೂ ಉಡುಪಿಯವರೇ. ಅವರಿಗೆ ಚಹಾ ಮಾಡಲೂ ಬರುವುದಿಲ್ಲ.) ಭಾವ ಬೆಳಿಗ್ಗೆ ಹೋಗಿ ಗಲ್ಲಾದ ಮೇಲೆ ಕೂರಬೇಕು, ಬಂದವರಿಗೆ 'ಬನ್ನಿ, ಕೂತ್ಕೊಳ್ಳಿ' ಅನ್ನಬೇಕು. ಅದು ಅವರ ವ್ಯಾಪಾರ ಮಾತ್ರವಲ್ಲ, ಅವರ ಆರೋಗ್ಯವೂ ಹೌದು. ಹೋಟೆಲಿಗೆ ರಜೆ ಇದ್ದ ದಿನ ಮನೆಯಲ್ಲಿ ಅವರ ಮುಖ ನೋಡಬೇಕು ನೀವು.

ಹೋಗುವುದು ಹೇಗೆ? ಬೆಳಗಿನ ಹೊತ್ತು ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಠಾಣೆಯಲ್ಲಿ ಇಳಿದು, ಮತ್ತೆ ವಾಶಿ ಲೈನಿನ ಗಾಡಿ ಹಿಡಿಯುವುದು ಅರವತ್ತರ ಹತ್ತಿರ ಬಂದವರ ಕೆಲಸವಲ್ಲ. ಹಾಗಾಗಿ ಕಾರು. ವರ್ಷಗಟ್ಟಲೆ ಭಾವನೇ ಓಡಿಸಿದರು. ಎರಡು ವರ್ಷದ ಹಿಂದೆ ಒಂದು ದಿನ ಇದ್ದಕ್ಕಿದ್ದ ಹಾಗೆ ಕೀಲಿ ತಂದು ಟೇಬಲ್ ಮೇಲೆ ಇಟ್ಟರು. "ಮಂಡಿ ನೋವು. ಕ್ಲಚ್ ಒತ್ತಲಿಕ್ಕೆ ಆಗುದಿಲ್ಲ" ಅಂದರು.

ಯಾರೂ ಏನೂ ಕೇಳಲಿಲ್ಲ. ನಮ್ಮಲ್ಲಿ ಮಂಡಿನೋವಿಗೆ ಯಾರು ಪುರಾವೆ ಕೇಳುತ್ತಾರೆ?

ಅಕ್ಕ ಡ್ರೈವಿಂಗ್ ಕ್ಲಾಸಿಗೆ ಸೇರಿದಳು. ಐವತ್ತು ದಾಟಿದ ಮೇಲೆ. ಕ್ಲಾಸಿನಲ್ಲಿ ಉಳಿದವರೆಲ್ಲ ಕಾಲೇಜು ಹುಡುಗಿಯರು. ಅವರು 'ಆಂಟಿ' ಅನ್ನುತ್ತಾ ಇವಳ ಮುಂದೆಯೇ ಕಿಸಕ್ಕನೆ ನಗುತ್ತಿದ್ದರಂತೆ. ಲೈಸೆನ್ಸ್ ಬಂದ ದಿನ ಅವಳು ನನಗೆ ಫೋನ್ ಮಾಡಿದ ದನಿ ಇನ್ನೂ ಕಿವಿಯಲ್ಲಿದೆ. ಮಗಳಿಗೆ ಕೆಲಸ ಸಿಕ್ಕಾಗಲೂ ಅಷ್ಟು ಜೋರಾಗಿ ಮಾತಾಡಿರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಗಂಡನನ್ನು ಹೋಟೆಲಿಗೆ ಬಿಟ್ಟು ಬರುವುದು ಅವಳ ಕೆಲಸ. ಸಂಜೆ ಅವರು ಕಲ್ಯಾಣದ ಪಾಲುದಾರರ ಜೊತೆ ವಾಪಸ್ ಬರುತ್ತಾರೆ. (ಪಾಲುದಾರರು ಬೆಳಗಿನ ಜಾವವೇ ಹೋಗಿ ಹೋಟೆಲ್ ತೆರೆಯುವವರು, ಅವರ ಜೊತೆ ಹೊರಡುವುದು ದಿನಾ ಆಗುವ ಮಾತಲ್ಲ.)

ಎಲ್ಲ ಸರಿಯಾಗಿತ್ತು. ಆಮೇಲೆ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸಿದರು. ಅಲ್ಲಿಂದ ಶುರುವಾಯಿತು ತಕರಾರು.

ಗಾಡಿ ನಿಂತುಬಿಡುತ್ತಿತ್ತು. ಅದೂ ಎಲ್ಲಿ? ಶೀಳ್‌ಫಾಟಾ ದಾಟಿ ಮಹಾಪೆ ಕಡೆಗೆ ಹೋಗುವ ಏರಿನಲ್ಲಿ. ಹಿಂದೆ ಸಾಲು ಸಾಲು ಲಾರಿ, ಟೆಂಪೋ. ಎಲ್ಲರೂ ಒಟ್ಟಿಗೆ ಹಾರ್ನ್. ನಡುವೆ ನನ್ನ ಅಕ್ಕ, ಬೆವರಿದ ಕೈಯಲ್ಲಿ ಕೀಲಿ ತಿರುಗಿಸುತ್ತಾ.

ಇನ್ನು ಸಲಹೆಗಳಿಗೆ ಬರವೇ? ಸೊಸೈಟಿಯ ವಾಚ್‌ಮನ್ "ಮ್ಯಾಡಂ, ಹಾಫ್ ಕ್ಲಚ್ ಪೇ ಚಲಾತೀ ಹೈ" ಅಂದ, ಅರ್ಧ ಕ್ಲಚ್ ಒತ್ತಿಕೊಂಡೇ ಓಡಿಸುತ್ತಾರೆ ಅಂತ. (ಅವನ ಹತ್ತಿರ ಸೈಕಲ್ ಕೂಡ ಇಲ್ಲ.) ಕಿಟ್ ಹಾಕಿದವರು "ಲೇಡೀಸ್ ಗಾಡಿ ಓಡಿಸಿದರೆ ಸ್ವಲ್ಪ ಹೀಗೇ" ಅಂದರು. ನನ್ನ ಗಂಡ ಠಾಣೆಯ ವರ್ತಕ ನಗರದ ನಮ್ಮ ಮನೆಯ ಸೋಫಾದಲ್ಲಿ ಕೂತು, ಆ ಕಾರನ್ನು ಮುಟ್ಟದೆಯೇ, ತಪ್ಪು ಸುಮತಿಯ ಎಡಗಾಲಿನದು ಅಂತ ತೀರ್ಪು ಕೊಟ್ಟರು. ಭಾವ ಕೊನೆಗೆ ಹೇಳಿದರು, "ಮಾರಿಬಿಡುವ. ನಿನ್ನಿಂದ ಆಗುದಿಲ್ಲ. ಹೋಟೆಲ್ ಪಾಲುದಾರರೇ ನೋಡಿಕೊಳ್ಳಲಿ, ನಾನು ಮನೆಯಲ್ಲಿ ಕೂರ್ತೇನೆ." ಕಲ್ಯಾಣದಿಂದ ಗಿರಾಕಿಯೂ ಗೊತ್ತಾದ. ಭಾನುವಾರ ಬಂದು ಗಾಡಿ ನೋಡುತ್ತಾನೆ ಅಂತಾಯಿತು.

ಅಕ್ಕ ನನಗೆ ಫೋನ್ ಮಾಡಿದಳು.

"ಮಾರುದಾದರೆ ಮಾರಲಿ ಮಾರಾಯ್ತಿ. ತಪ್ಪು ಗಾಡಿಯದ್ದಾ ನನ್ನದಾ, ಅದೊಂದು ಗೊತ್ತಾಗಬೇಕು ನನಗೆ. ಇಲ್ಲದಿದ್ದರೆ ಸಾಯುವವರೆಗೂ ಅದೇ ಮಾತು. ಸುಮತಿ ಗಾಡಿ ಹಾಳು ಮಾಡಿದಳು, ಗಂಡನ ಹೋಟೆಲೂ ಬಿಡಿಸಿದಳು ಅಂತ."

ನಮ್ಮ ಬ್ಯಾಂಕಿಗೆ ಬರುವ ಒಬ್ಬರ ಮೂಲಕ ನನಗೆ ಬಸವರಾಜ ಸಿಕ್ಕಿದ್ದು ಆಗಲೇ. ವಿಜಯಪುರದ ಕಡೆಯವನು. ಇಂಜಿನಿಯರಿಂಗ್ ಓದಿ, ಅಂಬರನಾಥದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶೆಡ್ ಹಾಕಿಕೊಂಡು, ಗಾಡಿಗಳ ಟ್ಯೂನಿಂಗ್ ಮಾತ್ರ ಮಾಡುತ್ತಾನೆ. ಕಪ್ಪು ಕನ್ನಡಕ, ದುಬಾರಿ ಶೂ. ತನ್ನ ಬಗ್ಗೆ ತನಗೆ ಬಹಳ ಒಳ್ಳೆಯ ಅಭಿಪ್ರಾಯ ಇರುವ ಮನುಷ್ಯ. "ನಾ ಹಾತ್ ಹಚ್ಚಿದ ಗಾಡಿ ವಾಪಸ್ ಬಂದಿದ್ದ ಇಲ್ರಿ" ಅಂತ ಫೋನಿನಲ್ಲೇ ಹೇಳಿದ.

ಅವನು ಮಾಡುವುದು ಇಷ್ಟು. ಕಾರಿನೊಳಗೆ ಒಂದು ಸಣ್ಣ ಕಂಪ್ಯೂಟರ್ ಇರುತ್ತದಂತೆ. ಇಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ, ಎಷ್ಟು ಭಾರ ಎಳೆಯುತ್ತಿದೆ ಅಂತ ನೋಡಿಕೊಂಡು, ಆ ಕ್ಷಣಕ್ಕೆ ಎಷ್ಟು ಗ್ಯಾಸ್ ಬಿಡಬೇಕು ಅಂತ ಅದು ಲೆಕ್ಕ ಹಾಕುತ್ತದೆ. ಕಾವಲಿ ಎಷ್ಟು ಕಾದಿದೆ ನೋಡಿ ನಾವು ದೋಸೆ ಹಿಟ್ಟು ಹೊಯ್ಯುವುದಿಲ್ಲವೇ, ಹಾಗೆ. ಲೆಕ್ಕ ತಪ್ಪಿದರೆ ದೋಸೆ ಕಿತ್ತುಹೋಗುತ್ತದೆ, ಇಂಜಿನ್ ನಿಂತುಹೋಗುತ್ತದೆ. ಎಲ್ಲಿ ತಪ್ಪಿದೆ ಅನ್ನುವುದು ಶೆಡ್ಡಿನಲ್ಲಿ ನಿಲ್ಲಿಸಿ ನೋಡಿದರೆ ಗೊತ್ತಾಗುವುದಿಲ್ಲ. ಲ್ಯಾಪ್‌ಟಾಪನ್ನು ಕಾರಿಗೆ ಜೋಡಿಸಿ, ದಿನಾ ಹೋಗುವ ರಸ್ತೆಯಲ್ಲೇ ಓಡಿಸಬೇಕು. ಕಾಲು ಎಷ್ಟು ಒತ್ತಿತು, ಗ್ಯಾಸ್ ಎಷ್ಟು ಹೋಯಿತು ಅನ್ನುವುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಆಮೇಲೆ ಆ ಗೆರೆಗಳನ್ನು ನೋಡಿ ಲೆಕ್ಕ ತಿದ್ದುವುದು.

ಬಸವರಾಜ ಬಂದ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅಕ್ಕನ ಎಡಗಡೆಯ ಸೀಟಿನಲ್ಲಿ ಕೂತ. ಭಾವ ಅಂದು ಪಾಲುದಾರರ ಗಾಡಿಯಲ್ಲಿ ಮೊದಲೇ ಹೋಗಿದ್ದರು. ಅಕ್ಕ ಮಹಾಪೆಯ ಏರು ಹತ್ತಿಸಿದಳು. ಗಾಡಿ ಕೆಮ್ಮಲಿಲ್ಲ. ಅವನು ಅಲ್ಲಿ ಇಲ್ಲಿ ನಾಲ್ಕು ಅಂಕಿ ತಿದ್ದಿ, "ಮಖ್ಖನ್ ಆಗೇದ್ರಿ ಗಾಡಿ" ಅಂದ, ಬೆಣ್ಣೆಯಂತಾಗಿದೆ ಅಂತ.

ಮರುದಿನ ಭಾವನನ್ನು ಕೂರಿಸಿಕೊಂಡು ಹೊರಟಳು. ಅದೇ ಏರಿನಲ್ಲಿ ಮಖ್ಖನ್ ನಿಂತಿತು.

ಬಸವರಾಜ ಮತ್ತೆ ಬಂದ. ಈ ಸಲ ತಾನೇ ಓಡಿಸಿದ, ಅಕ್ಕನ ಕೈಯಲ್ಲೂ ಓಡಿಸಿದ. ಗಾಡಿ ಒಮ್ಮೆಯೂ ನಿಲ್ಲಲಿಲ್ಲ. ಅವನು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದನಂತೆ, "ಅಕ್ಕಾರ, ಗಾಡಿಯೊಳಗ ಖರಾಬಿ ಏನೂ ಇಲ್ರಿ." ಗಾಡಿಯೊಳಗೆ ಖರಾಬಿ ಇಲ್ಲ ಅಂದರೆ ಇನ್ನು ಉಳಿದವರು ಯಾರು? ಅಕ್ಕ ಸುಲಭಕ್ಕೆ ಅಳುವವಳಲ್ಲ. ಅಂದು ಫೋನಿನಲ್ಲಿ ಅತ್ತಳು. ನನಗೆ ಕೆಟ್ಟ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿಲ್ಲದ ಸಿಟ್ಟು.

"ಅಲ್ಲ, ಬಸವರಾಜ ಬಂದಾಗ ಭಾವ ಎಲ್ಲಿ ಕೂತಿದ್ದರು?" ಅಂತ ಕೇಳಿದೆ.

"ಅವರೆಲ್ಲಿ ಬಂದಿದ್ದಾರೆ? ಅವನ ಕಂಪ್ಯೂಟರಿಗೆ ಮುಂದಿನ ಸೀಟು ಬೇಕಲ್ಲ."

ಡಾಕ್ಟರ ಎದುರು ಕೂತ ಕೂಡಲೇ ಮಕ್ಕಳ ಕೆಮ್ಮು ನಿಂತುಹೋಗುತ್ತದಲ್ಲ, ಹಾಗಿತ್ತು ಇದು. ದಿನಾ ಆ ಸೀಟಿನಲ್ಲಿ ಕೂರುವ ಮನುಷ್ಯನನ್ನೇ ಇಳಿಸಿ, ದಿನಾ ಆಗುವ ತೊಂದರೆಯನ್ನು ಹುಡುಕಿದರೆ ಸಿಗುತ್ತದೆಯೇ? ಬಸವರಾಜನಿಗೆ ಫೋನ್ ಮಾಡಿದೆ. ಅವನು "ಹೌದ್ರಿ, ಲೋಡ್ ಫರಕ್ ಆಗ್ತದ" ಅಂತ ಒಪ್ಪಿಕೊಂಡ. ಭಾವನ ತೂಕದ ವಿಷಯವೇ ಇರಬೇಕು ಅಂತ ನಾನೂ ಅಂದುಕೊಂಡೆ. (ಭಾವ ತೆಳ್ಳಗಿನ ಮನುಷ್ಯರಲ್ಲ.)

ನಾನು ಬ್ಯಾಂಕಿಗೆ ರಜೆ ಹಾಕಿ ಹೋದೆ. ಅಕ್ಕನ ಕಡೆಗೂ ಒಂದು ಸಾಕ್ಷಿ ಬೇಕಿತ್ತು. ಅಕ್ಕ ಸ್ಟಿಯರಿಂಗಿನಲ್ಲಿ, ಪಕ್ಕದಲ್ಲಿ ಭಾವ. ಹಿಂದೆ ನಾನು ಮತ್ತು ಬಸವರಾಜ. ಉದ್ದದ ವಯರು ಎರಡು ಸೀಟುಗಳ ನಡುವಿನಿಂದ ಬಂದು ಅವನ ಲ್ಯಾಪ್‌ಟಾಪಿಗೆ ಸೇರಿತ್ತು.

ಅರ್ಧ ದಾರಿ ಎಲ್ಲರೂ ಫೋಟೋಕ್ಕೆ ಕೂತವರ ಹಾಗೆ. ಹೊರಗಿನವನೊಬ್ಬ ಗಾಡಿಯಲ್ಲಿದ್ದಾನಲ್ಲ. ಭಾವ ಕೈಕಟ್ಟಿ ಕೂತು, "ನಿಮ್ಮ ಕಡೆ ಈ ಸಲ ಜೋಳ ಹೇಗೆ?" ಅಂತ ಕೇಳಿದರು. ಬಸವರಾಜ ಜೋಳದ ಬಗ್ಗೆ ಹೇಳಿದ. ಅಕ್ಕ ಲೈಸೆನ್ಸ್ ಪರೀಕ್ಷೆಗೆ ಬಂದವಳಂತೆ ಓಡಿಸಿದಳು. ಗಾಡಿ ಸೊಗಸಾಗಿ ಹೋಗುತ್ತಿತ್ತು. ನನ್ನಿಂದಾಗಿ ಒಂದು ದಿನ ಹಾಳಾಯಿತು ಅನ್ನುವಂತೆ ಬಸವರಾಜ ನನ್ನ ಕಡೆ ನೋಡಿದ.

ಶೀಳ್‌ಫಾಟಾ ನಾಕಾದಲ್ಲಿ, ರಸ್ತೆಗಳು ಕೂಡುವಲ್ಲಿ, ಎಡಗಡೆಯಿಂದ ಒಂದು ರಿಕ್ಷಾ ನುಗ್ಗಿತು.

"ಬ್ರೇಕ್ ಪಾಡ್ಲ" ಅಂದರು ಭಾವ. ಬ್ರೇಕ್ ಹಾಕು ಅಂತ. ತುಳುವಿನಲ್ಲಿ.

ನಮ್ಮವರ ವಿಚಾರ ನಿಮಗೆ ಗೊತ್ತಲ್ಲ. ಪರರ ಎದುರು ಹೆಂಡತಿಯನ್ನು ಗದರಬಾರದು. ಆದರೆ ತುಳುವಿನಲ್ಲಿ ಗದರಿದರೆ ಅದು ಲೆಕ್ಕಕ್ಕಿಲ್ಲ. ವಿಜಯಪುರದವನಿಗೆ ತುಳು ಬರುವುದಿಲ್ಲ ಅನ್ನುವ ಧೈರ್ಯ ಬಂದದ್ದೇ ತಡ, ಕಟ್ಟಿದ ಕೈ ಬಿಚ್ಚಿಕೊಂಡಿತು. ಮೆಲ್ಲ ಪೋಲ, ಮೆಲ್ಲಗೆ ಹೋಗು. ಬೈಕ್ ತೂಲ, ಬೈಕ್ ನೋಡು. ಪಾಡ್ಲ, ಬ್ರೇಕ್ ಪಾಡ್ಲ. ಅಕ್ಕನೂ ತುಳುವಿನಲ್ಲೇ ನಾಲ್ಕು ಉತ್ತರ ಕೊಟ್ಟಳು. (ಅವುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.) ಭಾವ ಬಲಗಾಲಿನಿಂದ, ಅಲ್ಲಿ ಇಲ್ಲವೇ ಇಲ್ಲದ ಬ್ರೇಕನ್ನು ನೆಲಕ್ಕೆ ಒತ್ತುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಏರು ಬಂತು. ಟೆಂಪೋ ಒಂದು ಪಕ್ಕದಿಂದ ತೂರಿತು. ಭಾವ ಮತ್ತೆ ಕೂಗಿದರು. ಗಾಡಿ ಒಮ್ಮೆ ಜಗ್ಗಿ, ನಿಂತಿತು.

ಹಿಂದಿನಿಂದ ಹಾರ್ನ್ ಶುರುವಾಯಿತು. ಬಸವರಾಜನಿಗೆ ಮಾತ್ರ ಲಾಟರಿ ಹೊಡೆದಷ್ಟು ಖುಷಿ. "ಸಿಕ್ತು, ಸಿಕ್ತು. ಬಾಜೂಕ ತಗೋರಿ ಅಕ್ಕಾರ" ಅಂದ.

ಏರು ಮುಗಿದಲ್ಲಿ ಒಂದು ಚಹಾ ಟಪರಿ, ಗೂಡಂಗಡಿ. ಬಸವರಾಜ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟ. ನಾವೆಲ್ಲ ಸುತ್ತ ನಿಂತೆವು.

"ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಕಾಕಾ ಆ ಭಾಷಾದಾಗ ಏನರ ಅಂದಾಗೊಮ್ಮೆ ನಾ ಒಂದು ಬಟನ್ ಒತ್ತೀನಿ. ಇಲ್ಲಿ ಚುಕ್ಕಿ ಬಂದಾವ ನೋಡ್ರಿ. ಪ್ರತಿ ಚುಕ್ಕಿಗೂ ಅಕ್ಕಾರ ಕಾಲು ರೇಸ್ ಮ್ಯಾಲಿಂದ ಎದ್ದದ. ಏನಂತಾರ್ರಿ ಅವರು?"

ನನಗೆ ನಗು ತಡೆಯಲಾಗಲಿಲ್ಲ. ಭಾವ ಚಹಾದ ಗ್ಲಾಸಿನ ಕಡೆ ನೋಡಿದರು. ಅಕ್ಕ ಹೇಳಿದಳು, "ಬ್ರೇಕ್ ಹಾಕು ಅಂತಾರೆ."

"ಅದಕ್ಕೂ ಮೊದಲ ನೀವು ಹಾಕೀರಲ್ಲ" ಅಂದ ಬಸವರಾಜ. ಗೆರೆಯ ಮೇಲೆ ಬೆರಳಿಟ್ಟ. "ಇದು ನಾಕಾದ ರಿಕ್ಷಾ. ಇಲ್ಲಿ ಅಕ್ಕಾರ ಕಾಲು ತಗದಾರ, ಬ್ರೇಕ್ ಹಾಕ್ಯಾರ. ರಿಕ್ಷಾ ದಾಟೇದ. ಮತ್ತ ಮೆಲ್ಲಕ ಒತ್ತ್ಯಾರ. ಕಾಕಾನ ಚುಕ್ಕಿ ಆಮ್ಯಾಲ ಬರ್ತದ. ಅಂಜಿ ಮತ್ತ ಕಾಲು ತಗದಾರ, ಮತ್ತ ಗಪ್ ಅಂತ ಒತ್ತ್ಯಾರ. ಟೆಂಪೋಕ್ಕೂ ಹಿಂಗ, ಬೈಕಿಗೂ ಹಿಂಗ. ಆ ಎರಡನೇ ಸಲಕ್ಕ ಗ್ಯಾಸ್ ಕಮ್ಮಿ ಬೀಳ್ತದ, ಏರಿನ್ಯಾಗ ಗಾಡಿ ಬಂದ್ ಬೀಳ್ತದ. ನಾ ಸಮಾಧಾನದ ಡ್ರೈವಿಂಗ್ ನೋಡಿ ಟ್ಯೂನ್ ಮಾಡಿದ್ದೆ. ಅಲ್ಲೇ ತಪ್ಪಾತು ನಂದು. ಈಗ ಸರಿ ಮಾಡ್ತೀನಿ."

ಅಂದರೆ ಅಕ್ಕನ ತಪ್ಪಿಲ್ಲ. ರಿಕ್ಷಾವನ್ನು ಅವಳು ಎಲ್ಲರಿಗಿಂತ ಮೊದಲು ನೋಡಿದ್ದಳು, ಸರಿಯಾಗಿ ಬ್ರೇಕ್ ಹಾಕಿದ್ದಳು. ತಪ್ಪು ಗಾಡಿಯ ಲೆಕ್ಕದ್ದು ಮತ್ತು ಭಾವನ ಬಾಯಿಯದ್ದು. ಇಷ್ಟು ದಿನ ಕಾದಿದ್ದ ಉತ್ತರ ಬಾನೆಟ್ಟಿನ ಮೇಲೆ ಬಣ್ಣ ಬಣ್ಣದಲ್ಲಿ ಬಿದ್ದಿತ್ತು. ನಾನು ಭಾವನಿಗೆ ಹೇಳಬೇಕಾದ ಮಾತುಗಳನ್ನು ನಾಲಗೆಯ ತುದಿಯಲ್ಲಿ ಜೋಡಿಸಿಟ್ಟುಕೊಂಡೆ. ವಾಚ್‌ಮನ್‌ಗೂ ಒಂದೆರಡು, ನನ್ನ ಗಂಡನಿಗೂ ಒಂದೆರಡು ಇದ್ದವು. ಅಕ್ಕ ಶುರು ಮಾಡಲಿ ಅಂತ ಕಾದೆ.

ಅಕ್ಕ ಲ್ಯಾಪ್‌ಟಾಪಿನ ಕಡೆ ನೋಡುತ್ತಲೇ ಇರಲಿಲ್ಲ. ಭಾವನ ಮುಖ ನೋಡುತ್ತಿದ್ದಳು.

"ಆ ರಿಕ್ಷಾ ನಿಮಗೆ ಯಾವಾಗ ಕಂಡದ್ದು?" ಅಂತ ಮೆಲ್ಲಗೆ ಕೇಳಿದಳು.

"ಬಂದಾಗ."

"ಎಡಗಡೆಯಿಂದ ಬರುವಾಗಲಾ, ಎದುರಿಗೆ ಬಂದ ಮೇಲಾ?"

ಭಾವ ಚಹಾದ ಗ್ಲಾಸನ್ನು ಬಾನೆಟ್ಟಿನ ಮೇಲಿಟ್ಟರು. ಟಪರಿಯವನು ಸ್ಟೋವ್‌ಗೆ ಪಂಪ್ ಹೊಡೆಯುತ್ತಿದ್ದ. ಆಮೇಲೆ ಹೇಳಿದರು, "ನನಗೆ ಎಡಗಡೆಯಿಂದ ಯಾವುದೂ ಬರುದಿಲ್ಲ ಸುಮತಿ. ಬಲಗಡೆಯಿಂದಲೂ ಇಲ್ಲ. ಎಲ್ಲ ಎದುರಿಗೇ ಹುಟ್ಟುದು."

"ಮತ್ತೆ ಮಂಡಿ?"

"ಮಂಡಿಗೆ ಎಂತ ಆಗಿದೆ? ಮಂಡಿ ಸರಿ ಉಂಟು."

ನಾಲಗೆಯ ತುದಿಯಲ್ಲಿದ್ದುದನ್ನೆಲ್ಲ ನುಂಗಿಕೊಂಡೆ. ಬಸವರಾಜನೂ ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿದ.

ಎರಡು ವರ್ಷದ ಹಿಂದೆ ಮಹಾಪೆಯ ಹತ್ತಿರ ಒಂದು ಸ್ಕೂಟರ್ ಭಾವನ ಕಾರಿಗೆ ಕೂದಲೆಳೆಯಲ್ಲಿ ತಪ್ಪಿತ್ತಂತೆ. ಸ್ಕೂಟರಿನ ಹಿಂದೆ ಒಂದು ಮಗು ಕೂತಿತ್ತಂತೆ. ಯಾರೋ ಕಿರುಚಿದ್ದು ಕೇಳಿ ಬ್ರೇಕ್ ಒತ್ತಿದ್ದರು, ಕಾರು ಪೂರ್ತಿ ನಿಲ್ಲುವವರೆಗೂ ಭಾವನಿಗೆ ಆ ಸ್ಕೂಟರ್ ಕಂಡಿರಲೇ ಇಲ್ಲ. ಅಂದೇ ಮನೆಗೆ ಬಂದು ಕೀಲಿ ಇಟ್ಟುಬಿಟ್ಟರು. ಕಣ್ಣು ಅಂತ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ಅಕ್ಕ ಕೇಳಿದಾಗ ಬಂದ ಉತ್ತರ ಇದು: "ಕಣ್ಣು ಕಾಣುದಿಲ್ಲ ಅಂದರೆ ಗಲ್ಲಾದ ಮೇಲೆ ಯಾರು ಕೂರಿಸ್ತಾರೆ?"

ಯೋಚಿಸಿ ನೋಡಿ. ಆ ಮನುಷ್ಯ ಎರಡು ವರ್ಷ ದಿನಾ ಬೆಳಿಗ್ಗೆ ಆ ಸೀಟಿನಲ್ಲಿ ಕೂತಿದ್ದಾರೆ. ಎಲ್ಲಿಂದಲೋ ಲಾರಿಗಳು, ಬೈಕುಗಳು, ಬಸ್ಸುಗಳು ಮುಖದ ಎದುರೇ ಹುಟ್ಟಿಕೊಳ್ಳುವುದನ್ನು ನೋಡುತ್ತಾ. ನನ್ನ ಅಕ್ಕ ಅಂದುಕೊಂಡಿದ್ದಳು, ಇವರಿಗೆ ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ಲ ಅಂತ. ಅವರಿಗೆ ನಂಬಿಕೆ ಇಲ್ಲದೆ ಇದ್ದದ್ದು ರಸ್ತೆಯ ಮೇಲೆ. ಗಾಡಿ ಮಾರಿಬಿಡುವ ಅಂದದ್ದು ಹೆದರಿ. ಅದನ್ನು ಹೇಳಲಾಗದೆ 'ನಿನ್ನಿಂದ ಆಗುದಿಲ್ಲ' ಅಂದುಬಿಟ್ಟರು. ಅದು ಸರಿ ಅಂತ ನಾನು ಹೇಳುತ್ತಿಲ್ಲ. ಅಕ್ಕನ ಆ ಕಣ್ಣೀರಿಗೆ ಅವರು ಹೊಣೆಯೇ. ಆದರೂ ಅಂದು ಆ ಟಪರಿಯ ಎದುರು ನಿಂತು ನನಗೆ ಅವರ ಮೇಲೆ ಸಿಟ್ಟಾಗಲು ಬರಲಿಲ್ಲ.

ಬಸವರಾಜ ಅಲ್ಲೇ ಅಂಕಿ ತಿದ್ದಿದ. ಅಕ್ಕ ಗಾಡಿ ತಿರುಗಿಸಿ ಏರಿನ ಬುಡಕ್ಕೆ ಹೋಗಿ ಮತ್ತೆ ಹತ್ತಿಸಿದಳು. ಬೇಕೆಂದೇ ಕಾಲು ತೆಗೆದು ಒತ್ತಿ, ತೆಗೆದು ಒತ್ತಿ ನೋಡಿದಳು. ಗಾಡಿ ನಿಲ್ಲಲಿಲ್ಲ. "ಇನ್ನ ಕಾಕಾ ಏನ ಅಂದರೂ ನಡೀತದ್ರಿ" ಅಂದ ಬಸವರಾಜ. ಯಾರೂ ನಗಲಿಲ್ಲ. ಭಾವ ಮಾತ್ರ ನಕ್ಕರು.

ಮರುದಿನವೇ ಠಾಣೆಯಲ್ಲಿ ಕಣ್ಣಿನ ಡಾಕ್ಟರು. ಕಣ್ಣಿನೊಳಗಿನ ಒತ್ತಡ ಏರಿ ಅಂಚಿನ ನೋಟ ಹೋಗಿದೆಯಂತೆ. ಹೋದದ್ದು ವಾಪಸ್ ಬರುವುದಿಲ್ಲ. ಉಳಿದದ್ದನ್ನು ಡ್ರಾಪ್ಸ್ ಹಾಕಿ ಕಾಪಾಡಿಕೊಳ್ಳಬಹುದು. ಎದುರಿನ ನೋಟ ಚೆನ್ನಾಗಿದೆ, ಗಲ್ಲಾಕ್ಕೆ ಅಷ್ಟು ಧಾರಾಳ ಸಾಕು. ಯಾಕಪ್ಪಾ ಇಷ್ಟು ತಡ ಮಾಡಿ ಬಂದಿರಿ ಅಂತ ಡಾಕ್ಟರು ಕೇಳಿದರೆ, ಭಾವ "ಟ್ರಾಫಿಕ್" ಅಂದರಂತೆ.

ಭಾನುವಾರ ಕಲ್ಯಾಣದ ಗಿರಾಕಿ ಬಂದ. ಭಾವನೇ ಕೆಳಗಿಳಿದು ಹೋಗಿ ಗಾಡಿ ಕೊಡುವುದಿಲ್ಲ ಅಂದರು. ಯಾಕೆ ಅಂತ ಅವನು ಕೇಳಿದ. "ಬಾಯ್ಕೋಲಾ ಲಾಗತೇ" ಅಂದರಂತೆ, ಹೆಂಡತಿಗೆ ಬೇಕು ಅಂತ. ಇದನ್ನು ಹೇಳುವಾಗ ಅಕ್ಕ ಬೇರೆ ಕಡೆ ತಿರುಗಿ ಪಾತ್ರೆ ಜೋಡಿಸುತ್ತಿದ್ದಳು.

ನಮ್ಮ ಮನೆಗಳಲ್ಲಿ ಇಂಥ ಮಂಡಿನೋವುಗಳು ಎಷ್ಟಿಲ್ಲ? 'ಪೇಪರಿನಲ್ಲಿ ಓದುವಂಥದ್ದು ಏನಿದೆ' ಅಂತ ಪೇಪರ್ ನಿಲ್ಲಿಸಿದ ಮಾವ. 'ಗುರುವಾರ ನಾನು ಊಟ ಮಾಡುದಿಲ್ಲ' ಅನ್ನುತ್ತಾ ಹಲ್ಲುನೋವು ಮುಚ್ಚಿಡುವ ಅತ್ತೆ. ಟಿವಿಯ ಸೌಂಡ್ ಏರಿಸಿದ್ದಕ್ಕೆ ನಾನು ದಿನಾ ಬೈಯುವ ನನ್ನ ಗಂಡ. (ಮುಂದಿನ ವಾರ ಅವರ ಕಿವಿ ತೋರಿಸಲು ಹೋಗುತ್ತಿದ್ದೇವೆ. ಅವರಿಗೆ ಇನ್ನೂ ಹೇಳಿಲ್ಲ.) ಜೋರು ಮಾಡುವವರೆಲ್ಲ ಜೋರಿನವರೇ ಅಂತ ನಾವು ತೀರ್ಮಾನಿಸಿ ಕೂತಿರುತ್ತೇವೆ.

ಮೊನ್ನೆ ಮತ್ತೆ ಅವರ ಜೊತೆ ಕೋಪರ್‌ಖೈರಣೆಗೆ ಹೋಗಿದ್ದೆ. ಈಗ ಗಾಡಿಯಲ್ಲಿ ಬಾಯಿ ನಡೆಸುವವಳು ಅಕ್ಕ. ದಾರಿಯುದ್ದಕ್ಕೂ ಭಾವನಿಗೆ ಹೇಳುತ್ತಾ ಹೋಗುತ್ತಾಳೆ: "ಎಡಗಡೆ ರಿಕ್ಷಾ ಬರ್ತಾ ಉಂಟು. ಬಲಗಡೆ ಒಂದು ಬೈಕು, ಎರಡು ಜನ. ಟೆಂಪೋ ಉಂಟು, ಅದು ನಮಗೆ ದಾರಿ ಕೊಡ್ತದೆ." ಭಾವ ಒಂದೊಂದಕ್ಕೂ "ಹೂಂ" ಅನ್ನುತ್ತಾರೆ. ಅವರ ಬಲಗಾಲು ಸುಮ್ಮನೆ ಇತ್ತು.

ನಿಮ್ಮ ಪಕ್ಕದ ಸೀಟಿನಿಂದ ದಿನಾ ಕೂಗುವವರನ್ನು ನೀವು ಎಂದಾದರೂ ಕೇಳಿದ್ದೀರಾ, 'ಅಲ್ಲಿಂದ ನಿಮಗೆ ಏನು ಕಾಣುತ್ತಿದೆ' ಅಂತ?